ಸೂಜಿ ದಿನದ ಅಪ್ಪ

ನನ್ನ ಮಗಳಿಗೆ ಮೊದಲ ಒಂಬತ್ತು ತಿಂಗಳು ನಾನೆಂದರೆ ಆಗುತ್ತಲೇ ಇರಲಿಲ್ಲ. ಮುದ್ದಿಗೆ ಹೇಳುವ ಮಾತಲ್ಲ ಇದು. ನನ್ನ ಮುಖ ಕಂಡರೆ ಸಾಕು, ತುಟಿ ಮುಂದಕ್ಕೆ ಮಾಡಿ, ಒಂದು ಕ್ಷಣ ತಡೆದು, ಆಮೇಲೆ ಅತ್ತು ಮನೆ ಒಂದು ಮಾಡುತ್ತಿದ್ದಳು.

ಬಾಣಂತನ ನಡೆದದ್ದು ನಿಡುಗಲ್ ಪಕ್ಕದ ಹಳ್ಳಿಯಲ್ಲಿ, ನನ್ನ ಹೆಂಡತಿಯ ತವರಲ್ಲಿ. ಚೊಚ್ಚಲು, ಹಾಗಾಗಿ ಐದು ತಿಂಗಳು ಅಲ್ಲೇ. ನನ್ನದು ಮಧುಗಿರಿಯಲ್ಲಿ ಬೋರ್‌ವೆಲ್ ಮೋಟಾರ್‌ಗಳಿಗೆ ವೈಂಡಿಂಗ್ ಮಾಡುವ ಅಂಗಡಿ. ಸುಟ್ಟ ಮೋಟಾರ್ ತಂದವರು ಬಾಗಿಲಲ್ಲೇ ಕೂರುತ್ತಾರೆ, ಬಿಟ್ಟು ಹೋಗುವ ಹಾಗಿಲ್ಲ. ಆದರೂ ಮಗುವಿನ ಚುಚ್ಚುಮದ್ದಿನ ದಿನ ಬಂತೆಂದರೆ ಅತ್ತೆಯ ಫೋನು ತಪ್ಪುತ್ತಿರಲಿಲ್ಲ.

“ಅಳಿಯಂದ್ರೇ, ನೀವೇ ಬಂದು ಹಿಡ್ಕಂಬುಡಿ. ನನ್ ಕೈಲಿ ನೋಡಾಕಾಗಲ್ಲ. ನಿಮ್ ಮಾವ ಆಗ್ಲೇ ಹೊಲದ ಕಡೆ ಹೋಗ್ಬುಟ್ರು.”

ಹೆಂಡತಿಯೂ ಅಂಗನವಾಡಿಯ ಹೊರಗೆ ನಿಂತು ಕಿವಿ ಮುಚ್ಚಿಕೊಳ್ಳುತ್ತಿದ್ದಳು. ಒಳಗೆ ಮಗುವಿನ ತೊಡೆ ಅಲುಗದಂತೆ ಹಿಡಿಯುವ ಕೆಲಸ ನನ್ನದು. ಸಿಸ್ಟರ್ ಚುಚ್ಚಿದ ಕೂಡಲೇ ಅತ್ತೆ ನುಗ್ಗಿ ಬಂದು ಮಗುವನ್ನು ಕಸಿದುಕೊಂಡು, “ಏಡವಕಮ್ಮಾ, ಏಡವಕ” ಎಂದು ತೆಲುಗಿನಲ್ಲಿ ಸಮಾಧಾನ ಮಾಡುತ್ತಿದ್ದರು. ನಾನು ಊಟ ಮಾಡಿ ಬೈಕ್ ಹತ್ತುತ್ತಿದ್ದೆ.

ತಾಯಿ ಮಗು ಮಧುಗಿರಿಗೆ ಬಂದ ಮೇಲೂ ಅದೇ ಕತೆ. ಪಕ್ಕದ ಮನೆಯವರ ಹತ್ತಿರ ಹೋಗುತ್ತಿದ್ದಳು, ಹಾಲು ಹಾಕುವವನನ್ನು ನೋಡಿ ನಗುತ್ತಿದ್ದಳು. ನಾನು ಕೈ ಚಾಚಿದರೆ ಕಿರುಚಾಟ. ನನಗೆ ಹೊಟ್ಟೆ ಉರಿದು ಹೋಗುತ್ತಿತ್ತು.

“ಎಲ್ಲಾ ನಿಮ್ಮಮ್ಮನ ಕೆಲ್ಸ,” ಎಂದು ಹೆಂಡತಿಯ ಮೇಲೆ ರೇಗಿದೆ. “ಸೂಜಿಗೆ ಮಾತ್ರ ಕರೆಸಿ ಕರೆಸಿ ಮಗೀಗೆ ನನ್ನ ಯಮ ಮಾಡ್ಬುಟ್ರು. ಒಂಬತ್ತು ತಿಂಗ್ಳು ಸೂಜೀಗೆ ನೀನೇ ಹಿಡ್ಕ. ಆಗ ಗೊತ್ತಾಯ್ತದೆ.”

“ಆಯ್ತು ಬುಡಿ,” ಅಂದಳು.

ಒಂಬತ್ತು ತಿಂಗಳಿಗೆ ದಡಾರದ ಚುಚ್ಚುಮದ್ದು. ಅಂಗಡಿ ಮುಚ್ಚಿ ನಾನೂ ಹೋದೆ. ಸುಳ್ಳೇಕೆ, ತಮಾಷೆ ನೋಡಲೆಂದೇ ಹೋದೆ. ಅಮ್ಮನ ಮೇಲೆ ಸಿಟ್ಟಾಗಿ ಮಗಳು ನನ್ನ ಕಡೆಗೆ ಕೈ ಚಾಚುತ್ತಾಳೆ, ಎತ್ತಿಕೊಳ್ಳೋಣ ಎಂದು ಬಾಗಿಲ ಬಳಿ ಸಿದ್ಧವಾಗಿ ನಿಂತಿದ್ದೆ. ಹೆಂಡತಿ ಹಲ್ಲು ಕಚ್ಚಿ ಹಿಡಿದುಕೊಂಡಳು. ಸಿಸ್ಟರ್ ಚುಚ್ಚಿದರು. ಮಗಳು ಕೆಂಪಾಗಿ ಅರಚಿ, ಹಿಡಿದಿದ್ದ ಆ ಅಮ್ಮನ ಕುತ್ತಿಗೆಯನ್ನೇ ತಬ್ಬಿ, ಅವಳ ಭುಜದಲ್ಲೇ ಮುಖ ಹುದುಗಿಸಿದಳು. ನಾನು “ಬಾ ಕಂದಾ” ಅಂದದ್ದಕ್ಕೆ ಇನ್ನಷ್ಟು ಗಟ್ಟಿಯಾಗಿ ಹಿಡಿದಳು.

ಹಿಂದಿರುಗುವಾಗ ದಾರಿಯಲ್ಲೇ ಗೊತ್ತಾಯಿತು. ಚುಚ್ಚುವಾಗ ಹಿಡಿದುಕೊಂಡವರ ಮೇಲೆ ಮಗುವಿಗೆ ಸಿಟ್ಟೇ ಇರಲಿಲ್ಲ. ನಾನು ಅಂಗಡಿಗೆ ಹೊರಡುವಾಗ ಅವಳು ಮಲಗಿರುತ್ತಿದ್ದಳು, ಬಂದಾಗಲೂ ಮಲಗಿರುತ್ತಿದ್ದಳು. ಅವಳ ಪಾಲಿಗೆ ನಾನು ಮೋಟಾರ್ ತಂತಿಗೆ ಬಳಿಯುವ ವಾರ್ನಿಷ್ ವಾಸನೆಯ ಯಾರೋ ಒಬ್ಬ ಗಂಡಸು. ಅತ್ತೆಯನ್ನು ಸುಮ್ಮನೆ ಬೈದಿದ್ದೆ. ಅವತ್ತು ತುಂಬಾ ಸಂಕಟವಾಯಿತು.

“ನಾಳೆಯಿಂದ ಬೆಳಿಗ್ಗೆ ರಾಗಿ ಸರಿ ನಾನೇ ತಿನ್ನಿಸ್ತೀನಿ,” ಎಂದೆ, ಮನೆಗೆ ಬಂದು ಹೆಂಡತಿಗೆ.

“ಮೋಟ್ರಲ್ಲ ಕಣ್ಲಾ ಅದು, ಸ್ವಿಚ್ ಹಾಕಿದ್ ತಕ್ಷಣ ಓಡಾಕೆ,” ಎಂದಳು ನನ್ನಮ್ಮ, ಅಡುಗೆಮನೆಯಿಂದಲೇ.

ಅಂಗಡಿ ಬಾಗಿಲು ತಡವಾಗಿ ತೆರೆಯತೊಡಗಿತು. ಗಿರಾಕಿಗಳು ಬೈದರು, ಬೈಸಿಕೊಂಡೆ. ಮಗಳು ಬಟ್ಟಲು ತಳ್ಳಿದಳು, ಬಾಯಿಗೆ ಹೋದದ್ದನ್ನು ನನ್ನ ಅಂಗಿಯ ಮೇಲೆಯೇ ಉಗಿದಳು. ಕೊನೆಗೆ ಅವಳಮ್ಮನೇ ಬಂದು ತಿನ್ನಿಸಬೇಕಾಗುತ್ತಿತ್ತು. ದಿನಗಳು ಹೋದಂತೆ ಅಳು ಇಳಿದು ಬರೀ ಗೊಣಗಾಟ ಉಳಿಯಿತು, ಬಾಯಿ ಮಾತ್ರ ತೆರೆಯುತ್ತಿರಲಿಲ್ಲ.

ಒಂದು ಬೆಳಿಗ್ಗೆ ಅಮ್ಮ ಸೊಪ್ಪು ತರಲು ಹೋಗಿದ್ದಳು. ಹೆಂಡತಿ ಸ್ನಾನಕ್ಕೆ ಹೋಗಿದ್ದಳು. ನಾನು ಬಟ್ಟಲು ಹಿಡಿದು ಎದುರಿಗೆ ಕೂತೆ. ಮಗಳು ಬಾಗಿಲ ಕಡೆ ನೋಡಿದಳು, ಅಡುಗೆಮನೆಯ ಕಡೆ ನೋಡಿದಳು. ನನ್ನನ್ನು ಬಿಟ್ಟರೆ ಯಾರೂ ಇರಲಿಲ್ಲ. ಸ್ವಲ್ಪ ಹೊತ್ತು ಯೋಚಿಸಿ, ಬಾಯಿ ತೆರೆದಳು.