ಶನಿವಾರದ ಸೂಜಿ

ನನ್ನ ಹೆಂಡತಿಗೆ ವಾರಕ್ಕೊಮ್ಮೆ ಸೂಜಿ ಚುಚ್ಚುತ್ತಿದ್ದವನನ್ನು ಕಂಡರೆ ನನಗೆ ಆಗುತ್ತಿರಲಿಲ್ಲ. ಒಳ್ಳೆಯ ಮನುಷ್ಯ. ನನ್ನ ಕಷ್ಟವೂ ಅದೇ. ಕೆಟ್ಟವನಾಗಿದ್ದರೆ ಬೈದು ಕಳಿಸಬಹುದಿತ್ತು.

ಚಿಕ್ಕಬಾಣಾವರದಲ್ಲಿ ನಾವು ಬಾಡಿಗೆಗಿದ್ದ ಮನೆಯ ಮೇಲಿನ ಕೋಣೆಯಲ್ಲಿ ಅವನಿದ್ದ. ಬಾಗಲಕೋಟೆ ಕಡೆಯವನು, ನರ್ಸಿಂಗ್ ಹೋಮೊಂದರಲ್ಲಿ ನರ್ಸ್. ನಾನು ಪೀಣ್ಯದ ಕಾರ್ಖಾನೆಯಲ್ಲಿ ಲೇತ್ ಓಡಿಸುತ್ತಿದ್ದೆ. ಮದುವೆಯಾದ ಮರುವರ್ಷ ನನ್ನವಳಿಗೆ ಒಂದು ಕಣ್ಣು ಮಂಜಾಯಿತು. ಆಮೇಲೆ ಎಡಗಾಲು ಜೋಮು ಹಿಡಿಯಿತು. ಸ್ಕ್ಯಾನ್ ನೋಡಿದ ಡಾಕ್ಟರಮ್ಮ ಮಲ್ಟಿಪಲ್ ಸ್ಕ್ಲೆರೋಸಿಸ್ ಎಂದರು. ನರಗಳ ಮೇಲಿನ ಹೊದಿಕೆಯನ್ನು ದೇಹವೇ ಹಾಳು ಮಾಡಿಕೊಳ್ಳುವ ಕಾಯಿಲೆ. "ಪೂರ್ತಿ ವಾಸಿ ಮಾಡೋ ಔಷಧಿ ಇಲ್ಲಮ್ಮ. ಮತ್ತೆ ಮತ್ತೆ ಬರೋದನ್ನ ಕಮ್ಮಿ ಮಾಡೋದು ಇದೆ" ಎಂದು ಇಂಟರ್‌ಫೆರಾನ್ ಬರೆದುಕೊಟ್ಟರು. ವಾರಕ್ಕೊಂದು ಸೂಜಿ, ತೊಡೆಯ ಮಾಂಸದೊಳಕ್ಕೆ.

ಮನೆಯಲ್ಲಿ ಗಂಡನೇ ಕೊಡಬಹುದು ಎಂದೂ ಹೇಳಿದರು. ಗಂಡನ ಕೈ ಮಾತ್ರ ಸಿರಿಂಜು ಹಿಡಿದರೆ ಗಡಗಡ ನಡುಗುತ್ತಿತ್ತು. ಕೂದಲೆಳೆಯಷ್ಟು ಹೆಚ್ಚುಕಮ್ಮಿಯಾದರೂ ಪೀಸು ತಿರಸ್ಕಾರವಾಗುವ ಕೆಲಸ ಮಾಡುವ ಕೈ ಅದು. ಹಾಗಾಗಿ ಮೇಲಿನವನು ಬಂದ.

ಶನಿವಾರ ಸಂಜೆಯೇ ಚುಚ್ಚಿಸಬೇಕೆಂದು ಗೊತ್ತುಮಾಡಿದವನು ನಾನೇ. ಸೂಜಿ ಹಾಕಿಸಿಕೊಂಡ ಮೇಲೆ ಚಳಿಜ್ವರ ಬರುತ್ತಿತ್ತು, ಮೈಕೈ ನೋಯುತ್ತಿತ್ತು. ಭಾನುವಾರ ರಜೆ, ನೋಡಿಕೊಳ್ಳಬಹುದು ಎಂದುಕೊಂಡೆ. ಆದದ್ದೇನು? ಅವನು ಬಂದು ಕೈ ತೊಳೆದು, "ಅಕ್ಕಾರ, ನಮ್ಮೂರ ಮಿರ್ಚಿ ತಿಂದ್ರ ಇದಕ್ಕಿಂತ ಜಾಸ್ತಿ ಉರೀತೈತ್ರಿ" ಎನ್ನುತ್ತಿದ್ದ. ಇವಳು ಪಕಪಕ ನಗುತ್ತಿದ್ದಳು. ಅಷ್ಟರಲ್ಲಿ ಸೂಜಿ ಒಳಗೆ ಹೋಗಿ ಹೊರಗೆ ಬಂದಿರುತ್ತಿತ್ತು. ಅವನು ಕಾಫಿ ಕುಡಿದು ಹೋಗುತ್ತಿದ್ದ. ಆಮೇಲೆ ಕಂಬಳಿ, ಗಂಜಿ, ಜ್ವರದ ಮಾತ್ರೆ, ಗೋಡೆ ಕಡೆ ತಿರುಗಿದ ಮುಖ. ಶನಿವಾರದ ನಗು ಅವನ ಪಾಲು, ಭಾನುವಾರದ ನರಳಾಟ ನನ್ನ ಪಾಲು. ನನ್ನ ಯಾವ ತಮಾಷೆಗೂ ಅವಳು ಹಾಗೆ ನಕ್ಕಿದ್ದಿಲ್ಲ. ಹೊಟ್ಟೆ ಉರಿಯುತ್ತಿತ್ತು. ಅವಳನ್ನು ಅಕ್ಕ ಅನ್ನುತ್ತಾನಲ್ಲ ಎಂದು ಸಮಾಧಾನ ಮಾಡಿಕೊಳ್ಳಲು ನೋಡಿದೆ. ಆಗಲಿಲ್ಲ.

ಕೆಲವು ವರ್ಷ ಹೀಗೇ ನಡೆದ ಮೇಲೆ ಈ ಕಾಯಿಲೆಗೆ ಮಾತ್ರೆ ಬಂತು. ಡಾಕ್ಟರಮ್ಮ ಎಲ್ಲವನ್ನೂ ಬಿಡಿಸಿ ಹೇಳಿದರು. ದಿನಾ ಚರ್ಮದಡಿಗೆ ಚುಚ್ಚಿಕೊಳ್ಳುವ ಇನ್ನೊಂದು ಸಣ್ಣ ಸೂಜಿ ಇದೆ, ಅದಕ್ಕೆ ಇಷ್ಟು ಜ್ವರ ಬರುವುದಿಲ್ಲ. ಕಾಯಿಲೆ ಜೋರಾಗಿರುವವರಿಗೆ ತಿಂಗಳಿಗೊಮ್ಮೆ ಆಸ್ಪತ್ರೆಯಲ್ಲಿ ಡ್ರಿಪ್. ಈಗ ದಿನಕ್ಕೊಂದು ಮಾತ್ರೆ. ಮೊದಲ ಮಾತ್ರೆಯ ದಿನ ಆಸ್ಪತ್ರೆಯಲ್ಲಿ ಕೂರಿಸಿ ಎದೆಬಡಿತ ನೋಡುತ್ತಾರೆ.

"ಮಾತ್ರೇನೇ ಕೊಡಿ ಮೇಡಂ" ಎಂದೆ. ಮಾತ್ರೆ ನುಂಗಿಸಲು ಮೇಲಿನ ಕೋಣೆಯಿಂದ ಯಾರೂ ಇಳಿದು ಬರಬೇಕಾಗಿಲ್ಲ.

"ಮಾತ್ರೆ ತಗೊಳ್ಳುವಾಗ ಗರ್ಭಿಣಿ ಆಗಬಾರದು. ನಿಲ್ಲಿಸಿದ ಮೇಲೂ ಒಂದೆರಡು ತಿಂಗಳು ಕಾಯ್ಬೇಕು. ಸೂಜಿ ಆದ್ರೆ ಅಷ್ಟು ಕಾಯೋದು ಬೇಡ" ಎಂದರು.

"ಹಂಗಾದ್ರೆ ನಂಗೆ ಮಗು ಆಗೋವರ್ಗೂ ಸೂಜೀನೇ ಇರ್ಲಿ" ಎಂದಳು ನನ್ನವಳು, ನನ್ನ ಮುಖವನ್ನೂ ನೋಡದೆ.

ಕಾರಣ ಕಿವಿಗೆ ಬಿತ್ತು, ಮನಸ್ಸಿಗೆ ಇಳಿಯಲಿಲ್ಲ. ಬಸ್ಸಿನಲ್ಲಿ ದಾರಿಯುದ್ದಕ್ಕೂ ಮುಖ ಊದಿಸಿಕೊಂಡು ಕೂತಿದ್ದೆ. ಮಗು ನನಗೂ ಬೇಕಿತ್ತು. ಅವನು ಬೇಡವಾಗಿದ್ದ.

ಸರಿ, ಸೂಜಿ ಇರಲಿ, ಕೊಡುವವನು ನಾನಾಗುತ್ತೇನೆ ಎಂದು ಹಟ ಹಿಡಿದೆ. ಲೇತಿನವನ ಬುದ್ಧಿ ಓಡುವುದು ಒಂದೇ ಕಡೆ. ಡ್ರಿಲ್ ಓರೆಯಾಗದಿರಲು ನಾವು ಬುಷ್ ಹಾಕುತ್ತೇವೆ, ನಡುವೆ ತೂತಿರುವ ದಪ್ಪ ಬಳೆ. ಅಂಥದ್ದೇ ಒಂದನ್ನು ನೈಲಾನ್ ರಾಡಿನಲ್ಲಿ ತಿರುವಿ, ಮಿರಮಿರ ಮಿಂಚುವಂತೆ ಉಜ್ಜಿ, ಶನಿವಾರ ಅವನ ಎದುರಿಗೇ ಇಟ್ಟೆ. ಇದನ್ನು ತೊಡೆಯ ಮೇಲೆ ಕೂರಿಸಿ ಸಿರಿಂಜು ಇಳಿಸಿದರೆ ಕೈ ನಡುಗಿದರೂ ಸೂಜಿ ನೆಟ್ಟಗೆ ಹೋಗುತ್ತದೆ ಎಂದು ವಿವರಿಸಿದೆ. ನನ್ನವಳು ಬುಷ್ಷನ್ನು ಸೂಜಿಯ ಪಕ್ಕ ಹಿಡಿದು ನೋಡಿದಳು.

"ರೀ, ಅರ್ಧ ಸೂಜಿ ಇದ್ರೊಳಗೇ ಇರುತ್ತಲ್ರೀ. ಔಷಧಿ ನಂಗೋ, ಬುಷ್‌ಗೋ?"

ಅವನು ತಡೆದುಕೊಳ್ಳಲು ನೋಡಿ ಸೋತ. ಇಬ್ಬರೂ ಸೇರಿ ನಕ್ಕರು. ಇಷ್ಟು ವರ್ಷ ಅಳತೆಯಲ್ಲೇ ಬದುಕಿದವನು ಸೂಜಿಯ ಉದ್ದದಲ್ಲಿ ಬುಷ್ಷಿನ ದಪ್ಪ ಕಳೆಯುವುದನ್ನೇ ಮರೆತಿದ್ದೆ. ಎದ್ದು ಹೊರಗೆ ಹೋಗಿ ನಿಂತೆ. ಒಳಗಿನಿಂದ ಇನ್ನೂ ನಗು ಕೇಳುತ್ತಿತ್ತು.

ಮುಂದಿನ ಶನಿವಾರ ಅವನು ಬಾಗಿಲಿಗೆ ಬಂದಾಗ ಅಡ್ಡ ನಿಂತೆ. "ಇವತ್ತು ನಾನೇ ಕೊಡ್ತೀನಿ ಗುರು."

"ಹಂಗೇ ಮಾಡ್ರಿ ಅಣ್ಣಾರ. ಅಂಜಬ್ಯಾಡ್ರಿ, ಒಂದ ಸಲಕ್ಕ ಒತ್ತಿಬಿಡ್ರಿ" ಎಂದು ವಾಪಸು ಹತ್ತಿ ಹೋದ. ಬೇಸರವನ್ನಾದರೂ ಮಾಡಿಕೊಳ್ಳಬಾರದೇ!

ಕೈ ತೊಳೆದೆ. ತೊಡೆ ಒರೆಸಿದೆ. ಉಸಿರು ಬಿಗಿಹಿಡಿದು ಒಂದೇ ಸಲಕ್ಕೆ ಒತ್ತಿ, ಔಷಧಿ ಪೂರ್ತಿ ಇಳಿಸಿ, ಸೂಜಿ ತೆಗೆದೆ. ನೆಟ್ಟಗೇ ಹೋಗಿತ್ತು. ಗೆದ್ದೆ ಎಂದು ತಲೆ ಎತ್ತಿದರೆ ಅವಳು ಸೆರಗನ್ನು ಬಾಯಿಗೆ ತುರುಕಿಕೊಂಡು ಬಿಕ್ಕಿ ಬಿಕ್ಕಿ ಅಳುತ್ತಿದ್ದಳು.

ನನಗೆ ರೇಗಿಹೋಯಿತು. "ಅವನು ಚುಚ್ಚಿದ್ರೆ ನಗ್ತೀಯ. ನಾನು ಚುಚ್ಚಿದ್ರೆ ಅಳು!"

ಅವಳು ಕಣ್ಣೊರೆಸಿಕೊಳ್ಳಲಿಲ್ಲ. ನನ್ನ ಕೈ ಎಳೆದು, ಚುಚ್ಚಿದ ಜಾಗದ ಮೇಲೆ ಇಟ್ಟುಕೊಂಡಳು.

"ಪ್ರತಿ ಸಲಾನೂ ಹಿಂಗೇ ನೋಯುತ್ತೆ ಕಣ್ರೀ. ಹೊರಗಿನೋರ ಮುಂದೆ ಹೆಂಗೆ ಅಳ್ಲಿ?"