ತೆರೆದ ಬಾಗಿಲಿನ ವ್ಯಾಯಾಮ

ಕೊಳ್ಳೇಗಾಲದಲ್ಲಿ ನಾಲ್ಕು ಜನಕ್ಕೆ ಗೊತ್ತಿರುವ ಮನುಷ್ಯ ರಸ್ತೆಯಲ್ಲಿ ನಡೆದುಹೋಗುವುದು ಸಾಧ್ಯವಿಲ್ಲ. ಖಚಿತಪಡಿಸಿಕೊಂಡೇ ಬರೆಯುತ್ತಿದ್ದೇನೆ. ಪತ್ರಿಕೆಯೊಂದಕ್ಕೆ ಕೊಳ್ಳೇಗಾಲ, ಹನೂರು, ಯಳಂದೂರುಗಳ ಸುದ್ದಿ ಕಳಿಸುತ್ತಲೇ ತಲೆ ನರೆತವನು ನಾನು; ಇನ್ನೊಂದು ಮೂಲದಿಂದ ಕೇಳಿ ತಿಳಿಯದೆ ಏನನ್ನೂ ಬರೆಯುವ ಅಭ್ಯಾಸವಿಲ್ಲ. ಮಂಡಿ ನೋವಿಗೆ ನಡಿಗೆ ಒಳ್ಳೆಯದೆಂದು ವೈದ್ಯರು ಹೇಳಿದ ಮೇಲೆ ಒಂದು ಬೆಳಿಗ್ಗೆ ಹನೂರು ರಸ್ತೆ ಹಿಡಿದೆ. ಊರು ದಾಟುವ ಮೊದಲೇ ಪಕ್ಕದಲ್ಲೊಂದು ಬೈಕು ನಿಂತಿತು.

“ಯಾಕ್ ಸಾ, ಗಾಡಿ ಕೆಟ್ಟೋಯ್ತಾ? ಅತ್ತಿ ಸಾ, ಬುಟ್ಟುಡ್ತೀನಿ.”

“ಇಲ್ಲಪ್ಪ, ಸುಮ್ಮನೆ ನಡೀತಿದ್ದೀನಿ.”

“ಸುಮ್ಕೆ ಯಾರಾರಾ ನಡ್ದರಾ? ನನ್ ಗಾಡಿ ಅತ್ತಾಕೆ ಏನಾಯ್ತು ಸಾ ನಿಮ್ಗ?”

ಮಾತು ಅವನ ಅಭಿಮಾನಕ್ಕೆ ತಿರುಗಿತು. ಹತ್ತಿದೆ. ಅವನು ಇಳಿಸಿದ್ದು ಚಹದಂಗಡಿಯ ಮುಂದೆ. ದುಡ್ಡು ಕೊಡಲು ಬಿಡದೆ ಚಹಾ ಕುಡಿಸಿದ, ಬೋಂಡಾ ತಿನ್ನಿಸಿದ. ಮರುದಿನ ಬೇರೆ ರಸ್ತೆ ಹಿಡಿದೆ. ಬೇರೆ ಬೈಕು, ಅದೇ ಬೋಂಡಾ. ಆರೋಗ್ಯದ ಹೆಸರಿನಲ್ಲಿ ನನ್ನ ಹೊಟ್ಟೆ ಇನ್ನಷ್ಟು ಮುಂದೆ ಬಂತು.

ಹಾಗಾಗಿ ಮನೆಯಲ್ಲೇ ವ್ಯಾಯಾಮವೆಂದು ತೀರ್ಮಾನಿಸಿದೆ. ಗೋಡೆಗೆ ಬೆನ್ನು ಕೊಟ್ಟು ಅರ್ಧ ಕೂರುವುದು, ಚಾಪೆಯ ಮೇಲೆ ಮಲಗಿ ಒಂದೊಂದೇ ಕಾಲನ್ನು ಎತ್ತಿ ಹಿಡಿಯುವುದು, ಇಷ್ಟೇ. ಆದರೆ ಮನೆಯಲ್ಲಿ ವ್ಯಾಯಾಮ ಎಂದವರು ನಮ್ಮ ಬೀದಿಯ ಮನೆಗಳನ್ನು ನೋಡಿದವರಲ್ಲ. ಇಲ್ಲಿ ಬಾಗಿಲಿಗೆ ನೀರು ಹಾಕಿ ರಂಗೋಲಿ ಬಿಟ್ಟ ಮೇಲೆ ಕದ ಮುಚ್ಚುವಂತಿಲ್ಲ. ಮುಚ್ಚಿತೆಂದರೆ ಒಳಗೆ ಜಗಳವಾಗಿದೆ, ಇಲ್ಲವೇ ಯಾರೋ ತೀರಿಹೋಗಿದ್ದಾರೆ ಎಂದೇ ಅರ್ಥ. ಒಮ್ಮೆ ಮುಚ್ಚಿ ನೋಡಿದೆ. ಪಕ್ಕದ ಮನೆಯಾಕೆ ಹಿತ್ತಿಲಿನಿಂದ ಬಂದು, ನನ್ನ ಹೆಂಡತಿ ಶಿವಮ್ಮನ ಕೈ ಹಿಡಿದು, ಆಗಲೇ ಕಣ್ಣೊರೆಸಿಕೊಳ್ಳುತ್ತ “ಏನಾಯ್ತವ್ವಾ?” ಎಂದರು. ಅಂದಿನಿಂದ ಬೀದಿಗೆ ಕಾಣುವಂತೆಯೇ ಕಾಲೆತ್ತುತ್ತೇನೆ.

ಹಿಂದಿನವರು ಬುದ್ಧಿವಂತರು. ಕಸರತ್ತಿಗೆಂದೇ ಗರಡಿಮನೆ ಕಟ್ಟಿದರು. ಬಗ್ಗಿ ಒಳಹೋಗಬೇಕಾದ ಸಣ್ಣ ಬಾಗಿಲು, ಕೆಮ್ಮಣ್ಣು, ದೇವರಿಗೊಂದು ದೀಪ. ಅಲ್ಲಿ ಸಾಮು ಮಾಡುವವನನ್ನು ಯಾರೂ “ಕಾಫಿ ಕುಡುದ್ರಾ?” ಎಂದು ಕೇಳುತ್ತಿರಲಿಲ್ಲ. ವ್ಯಾಯಾಮವನ್ನು ಮನೆಯ ನಡುವೆ ತಂದು ಹಾಕಿದ್ದು ನಮ್ಮ ಕಾಲದ ತಪ್ಪು.

ಎಲ್ಲರಿಗಿಂತ ಹೆಚ್ಚು ಕಾಡಿದವಳು ನಾದಿನಿ ಗೌರಮ್ಮ. ಯಳಂದೂರಿನ ಹತ್ತಿರ ಹೊನ್ನೂರಿನಲ್ಲಿ ಗದ್ದೆ ಮಾಡಿಕೊಂಡಿರುವವಳು. ಬೆಳಗಿನ ಬಸ್ಸಿಗೆ ತೆಂಗಿನಕಾಯಿ ಚೀಲದೊಂದಿಗೆ ಬಂದು ನನ್ನ ಚಾಪೆಯ ಪಕ್ಕದಲ್ಲೇ ಕಾಲು ಚಾಚಿ ಕೂರುತ್ತಾಳೆ.

“ಇದೇನ್ ಬಾವ, ಮಗ ಅಂಬೆಗಾಲಿಕ್ದಂಗೆ! ಈ ಬಗ್ಗಾಟ ಏಳಾಟ್ವ ನಮ್ ಗದ್ದೇಲಿ ಮಾಡಿದ್ರೆ ನಾಟಿಯಾರಾ ಮುಗೀತಿತ್ತು.”

“ವೈದ್ಯರು ಹೇಳಿದ್ದಾರೆ ಕಣವ್ವ.”

“ಅವ್ರಿಗೇನು, ಏಳ್ತರೆ. ಏಳಿ ಮ್ಯಾಕೆ, ಕಜ್ಜಾಯ ತಂದಿವ್ನಿ.”

ವೈದ್ಯರ ಹೆಸರು ಹೇಳಿದರೆ ಈ ಭಾಗದಲ್ಲಿ ಸಿಗುವುದು ಬರೀ ಸಲಹೆ. ನಿಜವಾದ ಕಾರಣವನ್ನು ನಾನು ಯಾರಿಗೂ ಹೇಳಿರಲಿಲ್ಲ. ಶಿವಮ್ಮ ಪ್ರತಿ ದೀಪಾವಳಿಗೆ ಮಲೆ ಮಹದೇಶ್ವರನ, ಅಂದರೆ ನಮ್ಮ ಮಾದಪ್ಪನ, ಬೆಟ್ಟಕ್ಕೆ ನಡೆದೇ ಹೋಗುವವಳು, ಜೊತೆಗೆ ನಾನು. ಹಿಂದಿನ ವರ್ಷ ಏರು ಶುರುವಾಗುವ ತಾಳಬೆಟ್ಟದಲ್ಲಿ ಮಂಡಿ ಕೈಕೊಟ್ಟಿತು. ನಾನು ಬಸ್ಸು ಹತ್ತಿದೆ, ಅವಳೊಬ್ಬಳೇ ಏರಿದಳು. ಮೇಲೆ ಕಾದು ನಿಂತವನನ್ನು ಕಂಡು ಒಂದು ಮಾತೂ ಆಡಲಿಲ್ಲ. ಆ ಮೌನವನ್ನು ಇನ್ನೊಮ್ಮೆ ಎದುರಿಸುವ ಶಕ್ತಿ ನನಗಿರಲಿಲ್ಲ. ಆದರೆ ಆಗದ ಸುದ್ದಿಯನ್ನು ಮೊದಲೇ ಪ್ರಕಟಿಸಬಾರದೆಂಬುದು ನನ್ನ ಕಸುಬಿನ ಶಿಸ್ತು. ಈ ಸಲವೂ ಆಗದಿದ್ದರೆ?

ಕಜ್ಜಾಯ ಬಾಯಿಯ ಹತ್ತಿರ ಬಂದಾಗ ಶಿಸ್ತು ಮುರಿಯಿತು. “ಬೆಟ್ಟಕ್ಕೆ ನಡೀಬೇಕು ಕಣವ್ವ! ಈ ಸಲ ತಾಳಬೆಟ್ಟದಲ್ಲಿ ಬಸ್ ಹತ್ತಲ್ಲ ನಾನು!” ಎಂದು ಮಲಗಿದಲ್ಲಿಂದಲೇ ಕೂಗಿಬಿಟ್ಟೆ.

ಅಡುಗೆಮನೆಯಲ್ಲಿ ಪಾತ್ರೆಗಳ ಸದ್ದು ನಿಂತಿತು. ಗೌರಮ್ಮ ಕಜ್ಜಾಯವನ್ನು ಹಿಂದಕ್ಕೆ ತೆಗೆದುಕೊಂಡಳು.

“ಅಂಗನ್ನಿ ಮತ್ತೆ! ಮಾದಪ್ಪನ ಕೆಲ್ಸ ಅನ್ನಿ! ಅಕ್ಕಾ, ಯಾರ್ ಬಂದ್ರೂ ಜಗಲೀಲೆ ಕೂರ್ಸು.”

ಮಧ್ಯಾಹ್ನದೊಳಗೆ ಸುದ್ದಿ ಬೀದಿ ದಾಟಿತು. ನಾನು ಕಳಿಸಿದ ಯಾವ ವರದಿಯೂ ಅಷ್ಟು ಬೇಗ ಓದುಗರನ್ನು ಮುಟ್ಟಿಲ್ಲ. ಬಂದವರು ಜಗಲಿಯಲ್ಲೇ ಕಾದರು. ಮತ್ತೆ ನಡೆಯಲು ಹೊರಟರೆ ರಸ್ತೆಯಲ್ಲಿ ಬೈಕುಗಳು ನಿಧಾನಿಸಿ, “ಬೆಟ್ಟಕ್ಕಾ ಸಾ? ನಡೀರಿ ನಡೀರಿ” ಎಂದು ಮುಂದೆ ಹೋದವು. ಬಾಯಿ ಚಪಲಕ್ಕೆ ಬೋಂಡಾ ಕೇಳಿದರೆ ಅಂಗಡಿಯವನು, “ಅರಕೆ ಒತ್ತೋರ್ಗೆ ನಾ ಕೊಡಾಕಿಲ್ಲ” ಎಂದು ತಟ್ಟೆ ಮುಚ್ಚಿದ. ಮೈಗಳ್ಳತನದಿಂದ ಒಂದು ದಿನ ಮಲಗಿದ್ದಕ್ಕೆ ಪಕ್ಕದ ಮನೆಯಾಕೆ ಕಿಟಕಿಯಲ್ಲೇ ವಿಚಾರಿಸಿದರು: “ಯಾಕ್ರಪ್ಪ, ಇವತ್ತು ಗ್ವಾಡೆಗೆ ಒರಗ್ನಿಲ್ವಲ್ಲ?” ಮೊದಲು ವ್ಯಾಯಾಮ ಮಾಡಲು ಬಿಡದ ಊರು ಈಗ ಬಿಡುವುದಕ್ಕೂ ಬಿಡಲಿಲ್ಲ. ಸಿಟ್ಟು ಬಂದರೂ ತಿದ್ದುಪಡಿ ಹಾಕುವ ದಾರಿ ಇರಲಿಲ್ಲ.

ದೀಪಾವಳಿ ಬಂತು. ತಾಳಬೆಟ್ಟದಲ್ಲಿ ಬಸ್ಸು ನಿಂತಿತ್ತು, ಕಂಡಕ್ಟರ್ ಕೂಗುತ್ತಿದ್ದ. ಶಿವಮ್ಮ ಬಸ್ಸಿನತ್ತ ನೋಡಲಿಲ್ಲ. ನನ್ನ ಮಂಡಿಯನ್ನು ನೋಡಿದಳು. ನಾನು ಏರತೊಡಗಿದೆ. ನೋವಿತ್ತು, ಆದರೆ ಕಾಲು ನನ್ನ ಮಾತು ಕೇಳುತ್ತಿತ್ತು. ಪ್ರತಿ ತಿರುವಿನಲ್ಲೂ ಅವಳು “ಬಾಯಾರ್ತದ ಕನಾ” ಎಂದು ಕಲ್ಲಿನ ಮೇಲೆ ಕೂತಳು. ಬೆಟ್ಟ ಮುಟ್ಟುವವರೆಗೆ ತೊಟ್ಟು ನೀರು ಮುಟ್ಟದ ಹೆಂಗಸು. ಬಾಯಾರಿದ್ದು ನಿಜವೇ ಎಂದು ಇನ್ನೊಂದು ಮೂಲದಿಂದ ವಿಚಾರಿಸಲು ಹೋಗಲಿಲ್ಲ. ಇಬ್ಬರೂ ಒಟ್ಟಿಗೇ ಮೇಲೆ ಮುಟ್ಟಿದೆವು.

ಊರಿಗೆ ಬಂದ ಮೇಲೆ ಚಾಪೆ ಸುರುಳಿಯಾಗಿ ಬಾಗಿಲ ಹಿಂದೆ ಸೇರಿತು. ಗೌರಮ್ಮ ಮತ್ತೆ ಚೀಲದೊಂದಿಗೆ ಬಂದಳು.

“ಅರಕೆ ತೀರ್ತಲ್ಲ ಬಾವ, ಇನ್ನಾರಾ ಸುಮ್ಕೆ ಕೂತ್ಕಂಡು ಕಜ್ಜಾಯ ತಿನ್ನಿ.”

ನ್ಯಾಯವಾದ ಮಾತೆನಿಸಿತು. ಕೈ ಚಾಚಿದೆ. ಅಡುಗೆಮನೆಯಿಂದ ಶಿವಮ್ಮನ ದನಿ ಬಂತು.

“ಯಾಕೆ, ಮುಂದ್ಲೊರ್ಸ ಬೆಟ್ಟ ಅಲ್ಲಿರಾಕಿಲ್ವಾ?”

ಬೆಟ್ಟ ಅಲ್ಲಿರುವುದಿಲ್ಲ ಎನ್ನಲು ನನ್ನ ಬಳಿಯೂ ಗೌರಮ್ಮನ ಬಳಿಯೂ ಆಧಾರವಿರಲಿಲ್ಲ. ಚಾಪೆ ಬಿಚ್ಚಿದೆ. ಅವಳು ಕಜ್ಜಾಯದ ಡಬ್ಬಿ ಎತ್ತಿಕೊಂಡು ಹೋಗಿ ಜಗಲಿಯಲ್ಲಿ ಕೂತಳು.