ಬಾಡಿಗೆ ಪುಸ್ತಕದ ಎಂಜಲು

ನಾವು ತಮಿಳು ಗಡಿಯ ಮತ್ತಿಗಿರಿಯಲ್ಲಿದ್ದಾಗ, ಎಲ್ಲರ ಕೈಗೂ ಮೊಬೈಲು ಬಂದಿರದ ಕಾಲದಲ್ಲಿ, ಮೊಮ್ಮಗಳು ಬಾಡಿಗೆ ಪುಸ್ತಕದ ಅಂಗಡಿಯಿಂದ ಒಂದು ಪತ್ತೇದಾರಿ ಮಾಲೆಯ ಮೊದಲ ಭಾಗ ತಂದಳು. ನೋಡಿದ ಕೂಡಲೇ ನನಗೆ ಹೇಸಿಗೆಯಾಯಿತು. ರಟ್ಟಿಗೆ ಯಾರದೋ ತಲೆಯೆಣ್ಣೆ ಮೆತ್ತಿತ್ತು. ಒಂದು ಪುಟದಲ್ಲಿ ಒಣಗಿದ ಅನ್ನದ ಅಗುಳು ಅಂಟಿತ್ತು. ಪ್ರತಿ ಹಾಳೆಯ ಮೂಲೆಯೂ ಕಪ್ಪಗಾಗಿತ್ತು. ಊರಿನ ಕಾರ್ಖಾನೆಯ ಮೂರೂ ಶಿಫ್ಟಿನವರು ಎಂಜಲು ಬೆರಳಲ್ಲಿ ತಿರುವಿ ತಿರುವಿ ಬಂದ ಕಪ್ಪು ಅದು.

“ಥೂ! ನಾಳೆ ಇದನ್ನ ವಾಪಸ್ ಕೊಟ್ಟು ನಿನ್ ಕಾರ್ಡೂ ರದ್ದು ಮಾಡಿಸ್ತೀನಿ,” ಎಂದೆ.

“ಓದ್ದೇನೇ ಬೈತೀಯಲ್ಲಜ್ಜಿ! ಕಥೆಗೂ ಎಂಜಲು ಅಂಟ್ಕೊಂಡೈತಾ?” ಎಂದು ಅವಳು ಅತ್ತಳು.

ವಿಚಾರಿಸದೆ ಶಿಕ್ಷೆ ಕೊಡುವುದು ಹಾಸ್ಟೆಲ್ ವಾರ್ಡನ್ ಆಗಿದ್ದ ನನ್ನ ಪದ್ಧತಿಯಲ್ಲ. ಮರುದಿನ ಅವಳು ಶಾಲೆಗೆ ಹೋದ ಮೇಲೆ ರಟ್ಟನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ, ಹಳೆಯ ತಮಿಳು ಪೇಪರಿನ ಹೊದಿಕೆ ಹಾಕಿ, ಸೋಪಿನಲ್ಲಿ ಕೈ ತೊಳೆದು ಓದಲು ಕುಳಿತೆ. ಹತ್ತು ಪುಟ ಸಾಕೆಂದುಕೊಂಡಿದ್ದೆ. ಮಧ್ಯಾಹ್ನ ಎರಡು ಗಂಟೆಯ ನಿದ್ದೆ ತಪ್ಪಿತು, ನಾಲ್ಕು ಗಂಟೆಯ ಕಾಫಿಯೂ ತಪ್ಪಿತು. ಬೀಗದ ಕೈ ಕದ್ದವರು ಯಾರೆಂದು ತಿಳಿಯಲು ಮೂರೇ ಪುಟ ಉಳಿದಿತ್ತು.

“ಅಜ್ಜೀ, ಬಾಯಿಂದ ಬೆರಳು ತೆಗಿ!” ಮೊಮ್ಮಗಳು ಚೀಲ ಹೊತ್ತು ಬಾಗಿಲಲ್ಲಿ ನಿಂತಿದ್ದಳು.

ನನ್ನ ತೋರುಬೆರಳು ನಾಲಿಗೆಯ ಮೇಲಿತ್ತು. ಎಷ್ಟು ಪುಟ ಹಾಗೆ ತಿರುವಿದ್ದೆನೋ! ಬಚ್ಚಲಿಗೆ ಹೋಗಿ ಮೂರು ಸಲ ಬಾಯಿ ಮುಕ್ಕಳಿಸಿ ಬಂದೆ.

“ಕಾರ್ಡು ರದ್ದಾ?” ಎಂದಳು.

“ಎರಡ್ನೇ ಭಾಗ ತಗೊಂಬಾ. ಮೊದ್ಲು ಒರೆಸಿ ಕೊಡು,” ಎಂದು ಉಳಿದ ಮೂರು ಪುಟಗಳನ್ನು ಒಣ ಬೆರಳಲ್ಲಿ ತಿರುವಿದೆ.